ಮಾವನವರನ್ನು ಇಟ್ಟ ಜಾಗ

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಕೋಲಾರದ ಕಡೆ ಗಾರೆ ಕೆಲಸ ಮಾಡಿಕೊಂಡಿದ್ದವನು. ಬಸ್ ನಿಲ್ದಾಣದಲ್ಲಿ ಬೋರ್ಡು ಓದುವವನಂತೆ ಕತ್ತೆತ್ತಿ ನಿಂತು, ಆಮೇಲೆ ಪಕ್ಕದವರನ್ನು ಮೆಲ್ಲಗೆ ಕೇಳುತ್ತಿದ್ದ. ನನಗೆ ಅಕ್ಷರ ಕೂಡಿಸಲು ಬಂದ ಮೇಲೆ ಆ ಕೆಲಸ ನನ್ನದಾಯಿತು. ಬೋರ್ಡು, ಆಸ್ಪತ್ರೆಯ ಚೀಟಿ, ಲಗ್ನಪತ್ರಿಕೆ, ಎಲ್ಲವನ್ನೂ ನಾನೇ ಓದಿ ಹೇಳಬೇಕು. ಊರಿನವರೂ ಬಂದು ಓದಿಸಿಕೊಂಡು ಹೋಗುತ್ತಿದ್ದರು. ಓದು ಬಾರದವರ ಮುಖ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು.

ಸೊಸೆಯಾಗಿ ಸೇರಿದ್ದು ಮಾತ್ರ ಓದಿದವರ ಮನೆ, ಅದೂ ಚೆನ್ನೈನ ಚೀನೀಯರ ಮನೆ. ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿ ತ್ರಿಪ್ಲಿಕೇನಿನ ಹಾಸ್ಟೆಲಿನಲ್ಲಿದ್ದಾಗ ದವಡೆ ಹಲ್ಲು ಕೀಳಿಸಲು ಹೋದೆ. ಕಿತ್ತವರನ್ನೇ ಮದುವೆಯಾದೆ. ಅವರ ತಾತ ಹಡಗಿನಲ್ಲಿ ಬಂದು ಮದರಾಸಿನಲ್ಲಿ ಹಲ್ಲಿನ ಅಂಗಡಿ ಇಟ್ಟವರು. ಕೋಡಂಬಾಕ್ಕಂನಲ್ಲಿ ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದ ಕಾಲದಲ್ಲಿ ತೆರೆಯ ಮೇಲೆ ನಕ್ಕ ಎಷ್ಟೋ ಹಲ್ಲುಗಳು ತಾತನ ಕೈಕೆಲಸ ಎಂಬುದು ಮನೆಯವರ ಹೆಮ್ಮೆ. ಮಾವನವರೂ ಹಲ್ಲಿನ ವೈದ್ಯರು, ನನ್ನ ಗಂಡನೂ ಅದೇ. ಅತ್ತೆ ನುಂಗಂಬಾಕ್ಕಂನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾರೆ.

ಅತ್ತೆ ಹುಟ್ಟಿ ಬೆಳೆದದ್ದು ಬೆಂಗಳೂರು. ಹೊಸಬರು ಅವರ ಮುಖ ನೋಡಿ, "ನೀವು ಎಲ್ಲಿಯವರು?" ಎಂದರೆ "ಶಿವಾಜಿನಗರ" ಅನ್ನುತ್ತಾರೆ. "ಅದಕ್ಕೂ ಮುಂಚೆ?" ಎಂದರೆ "ಅದಕ್ಕೂ ಮುಂಚೆ ವಾಣಿವಿಲಾಸ ಆಸ್ಪತ್ರೆ." ನನ್ನೊಡನೆ ಅವರದು ಅಪ್ಪಟ ಬೆಂಗಳೂರು ಕನ್ನಡ. ಮಗನೊಡನೆ ತಮಿಳು, ಊಟದ ಮೇಜಿನಲ್ಲಿ ಎಲ್ಲರದೂ ಇಂಗ್ಲಿಷ್. ಆ ಮೇಜಿನಲ್ಲಿ ನನ್ನ ಪದವಿ ಯಾರಿಗೂ ದೊಡ್ಡದಾಗಿರಲಿಲ್ಲ. ಯಾರೂ ಕೀಳಾಗಿ ನೋಡಲಿಲ್ಲ, ಸುಳ್ಳು ಹೇಳಬಾರದು. ಆದರೂ ಒಂದು ಇಂಗ್ಲಿಷ್ ವಾಕ್ಯ ಆಡುವ ಮೊದಲು ಮನಸ್ಸಿನಲ್ಲಿ ಅದನ್ನು ಒಮ್ಮೆ ಜೋಡಿಸಿಕೊಳ್ಳುವ ಅಭ್ಯಾಸ ನನಗೆ ಇವತ್ತಿಗೂ ಹೋಗಿಲ್ಲ.

ಪ್ರತಿ ಏಪ್ರಿಲ್ ಮೊದಲ ವಾರ ನಮ್ಮಲ್ಲಿ ಗೋರಿ ತೊಳೆಯುವ ದಿನ. ಊರಿನ ಉತ್ತರಕ್ಕೆ ಒಂದು ಹಳೆಯ ಸ್ಮಶಾನ. ಅದರ ಮೂಲೆಯಲ್ಲಿ ಚೀನೀಯರ ಸಮಾಧಿಗಳ ಕೆಲವು ಸಾಲುಗಳಿವೆ. ಬೆಳಿಗ್ಗೆ ಬೇಗ ಹೋಗಿ ತಾತನ ಗೋರಿಯ ಸುತ್ತ ಹುಲ್ಲು ಕೀಳುತ್ತೇವೆ, ಕಲ್ಲು ತೊಳೆಯುತ್ತೇವೆ. ಬೇಯಿಸಿದ ಇಡೀ ಕೋಳಿ, ಕಿತ್ತಳೆ ಹಣ್ಣು, ಅನ್ನ, ಒಂದು ಸಣ್ಣ ಲೋಟ ಬ್ರಾಂದಿ ಇಡುತ್ತೇವೆ. ತಾತನಿಗೆ ಸಿಗರೇಟು ಇಷ್ಟವಿತ್ತಂತೆ. ಒಂದನ್ನು ಹಚ್ಚಿ ಮರಳಿನಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ. ಕಲ್ಲಿನ ಮೇಲೆ ಕೊರೆದ ಚೀನೀ ಅಕ್ಷರಗಳಿಗೆ ಹೊಸದಾಗಿ ಕೆಂಪು ತುಂಬುವುದು ಅತ್ತೆಯ ಕೆಲಸ. ಅಂಗಡಿಯ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲವೆಂದು ಪಾರ್ಲರಿನಿಂದ ಕೆಂಪು ನೇಲ್ ಪಾಲಿಶ್ ಶೀಶೆಗಳನ್ನು ತರುತ್ತಾರೆ. ಉಗುರಿಗೆ ಹಚ್ಚುವಷ್ಟೇ ನಾಜೂಕಾಗಿ, ಗೆರೆ ದಾಟದಂತೆ ತುಂಬುತ್ತಾರೆ. ಅಷ್ಟು ಚೆಂದ ತುಂಬುವವರಿಗೆ ಅದನ್ನು ಓದಲು ಬಾರದೆಂದು ನೋಡಿದವರು ಯಾರೂ ನಂಬುವುದಿಲ್ಲ.

ಅತ್ತೆಗೆ ಮಾತ್ರವಲ್ಲ, ಮನೆಯಲ್ಲಿ ಯಾರಿಗೂ ಬಾರದು. ಮಾವನವರು ಮನೆಮಾತು ಆಡುತ್ತಿದ್ದರು, ಲಿಪಿ ಕಲಿತಿರಲಿಲ್ಲ. ಓದುತ್ತಿದ್ದವರು ಅವರ ಅಣ್ಣ ಒಬ್ಬರೇ. ಅವರು ಕೆನಡಾಕ್ಕೆ ಹೋಗಿ ಅಲ್ಲೇ ತೀರಿಕೊಂಡರು. ತಾತನ ಗೋರಿಯನ್ನು ಎಲ್ಲರೂ ಗುರುತು ಹಿಡಿಯುತ್ತಿದ್ದದ್ದು ಬೇವಿನ ಮರದಿಂದ. ಮರದ ಪಕ್ಕದ್ದು, ಮೂಲೆ ಮುರಿದದ್ದು. ಒಂದು ಚಂಡಮಾರುತಕ್ಕೆ ಆ ಮರ ಬುಡಸಮೇತ ಬಿತ್ತು. ಕೊಂಬೆಗಳನ್ನು ತೆಗೆದು ಸ್ವಚ್ಛಗೊಳಿಸಿದ ಮೇಲೆ ನಾವು ಹೋಗಿ ಮೂಲೆ ಮುರಿದ ಕಲ್ಲು ಹುಡುಕಿದೆವು. "ಇದೇ," ಎಂದರು ಮಾವನವರು. ಮರ ಬಿದ್ದರೆ ಬೇರೆ ಕಲ್ಲುಗಳ ಮೂಲೆಯೂ ಮುರಿಯುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ಮಾವನವರೂ ಹೋದರು. ಮಣ್ಣು ಮಾಡಲು ಅಲ್ಲಿ ಜಾಗವಿರಲಿಲ್ಲ. ದಹನ ಮಾಡಿ, ಬೂದಿಯನ್ನು ಮಣ್ಣಿನ ಗಡಿಗೆಯಲ್ಲಿ ತಂದು ಅವರ ತಂದೆಯ ಕಾಲ ಬಳಿ ಹೂತೆವು. ಅದು ಅವರದೇ ಆಸೆ. ಆಸ್ಪತ್ರೆಯಲ್ಲಿ ಅತ್ತೆಯ ಕೈ ಹಿಡಿದುಕೊಂಡು, "ನನ್ನನ್ನು ಅಪ್ಪನ ಹತ್ತಿರ ಬಿಡು, ಬೇರೆ ಎಲ್ಲೂ ಬೇಡ" ಎಂದಿದ್ದರು. ಅತ್ತೆ ಆ ಮಾತು ನಡೆಸಿಕೊಟ್ಟೆನೆಂದು ನಿಶ್ಚಿಂತೆಯಾಗಿದ್ದರು.

ಈ ವರ್ಷ ನಗರದ ಹಳೆಯ ಸಂಗತಿ ಹುಡುಕುವ ಉತ್ಸಾಹಿಗಳು ಕೆಲವರು ಚೆನ್ನೈನ ಚೀನೀಯರಲ್ಲಿ ಹೆಸರಾದವರ ಬಗ್ಗೆ ಒಂದು ಪ್ರದರ್ಶನ ಇಡುವುದಾಗಿ ಬಂದರು. ತಾತನ ಚಿತ್ರ ಬೇಕು, ಗೋರಿಯ ಚಿತ್ರ ಬೇಕು, ಕಲ್ಲಿನ ಬರಹದ ಅರ್ಥವೂ ಬೇಕು. ಅರ್ಥದ ಹೊಣೆ ನಾನು ಹೊತ್ತೆ. ಕಚೇರಿಯ ಗೆಳತಿಯ ಮೂಲಕ ಒಬ್ಬ ಹುಡುಗಿ ಸಿಕ್ಕಳು. ಮದುರೈಯವಳು. ಚೀನೀ ಭಾಷೆ ಕಲಿತು, ಊರ ಹೊರಗಿನ ಒಂದು ಕಾರ್ಖಾನೆಯಲ್ಲಿ ದುಭಾಷಿಯಾಗಿದ್ದಾಳೆ. ಗೋರಿ ತೊಳೆಯುವ ದಿನವೇ ಬರುತ್ತೇನೆ ಎಂದಳು.

ಬಂದಳು, ಸ್ಕೂಟರಿನಲ್ಲಿ, ತಲೆಗೆ ದುಪಟ್ಟಾ ಬಿಗಿದುಕೊಂಡು. ನಮ್ಮದೆಲ್ಲ ಮುಗಿದಿತ್ತು. ಸಿಗರೇಟು ಅರ್ಧ ಉರಿದಿತ್ತು, ಕೆಂಪು ಇನ್ನೂ ಹಸಿಯಾಗಿತ್ತು. ಅತ್ತೆ ಅವಳಿಗೆ ಕಿತ್ತಳೆ ಹಣ್ಣು ಕೊಟ್ಟು, "ಪಡಿಮ್ಮಾ, ಪಡಿ," ಎಂದರು, ಓದಮ್ಮಾ ಅಂತ. ಅವಳು ಬಗ್ಗಿ ನೋಡಿದಳು. ಇನ್ನೊಮ್ಮೆ ನೋಡಿದಳು. ನನ್ನ ಮುಖ ನೋಡಿದಳು.

"ಆಂಟಿ, ಇದು ತಾತಾ ಇಲ್ಲೆ," ಎಂದಳು ಕೊನೆಗೆ. "ಪಾಟ್ಟಿ."

ಅಜ್ಜನಲ್ಲ, ಅಜ್ಜಿ. ಯಾರದೋ ತಾಯಿ. ಮಗನೊಬ್ಬ ನಿಲ್ಲಿಸಿದ ಕಲ್ಲು. ನಡುವಿನ ಸಾಲಿನಲ್ಲಿ ತಾಯಿ ಎಂಬ ಅಕ್ಷರವನ್ನು ಅವಳು ಬೆರಳಿನಿಂದ ತೋರಿಸಿದಳು. ಅತ್ತೆ ಈಗತಾನೇ ಅದಕ್ಕೆ ಕೆಂಪು ತುಂಬಿದ್ದರು.

ನನ್ನ ಗಂಡ ಕನ್ನಡಕ ತೆಗೆದು ಒರೆಸಿಕೊಂಡರು. ಆಗ ಅವರು ನಿಂತದ್ದು, ಆ ಕಲ್ಲಿನ ಮುಂದೆ ಕತ್ತು ಚಾಚಿ, ಓದುವವರಂತೆ ನಿಂತದ್ದು, ನಾನು ಎಲ್ಲೋ ಕಂಡ ನಿಲುವು. ಇಲ್ಲಿ ನಾನು ನೇರವಾಗಿ ಹೇಳಿಬಿಡುತ್ತೇನೆ: ಆ ಕ್ಷಣ ನನಗೆ ಖುಷಿಯಾಯಿತು. ಮೇಜಿನಲ್ಲಿ ಇಂಗ್ಲಿಷ್ ಆಡುವ ಈ ಮನೆಯವರು ತಮ್ಮ ಹಿರಿಯರ ಮುಂದೆ ಹೆಬ್ಬೆಟ್ಟಿನವರೇ ಆದರಲ್ಲ ಎಂಬ ಖುಷಿ. ಅದು ತುಟಿಯವರೆಗೂ ಬಂದಿರಬೇಕು.

ಅತ್ತೆ ನನ್ನನ್ನೇ ನೋಡುತ್ತಿದ್ದರು. "ನಗು ಬಂದ್ರೆ ನಕ್ಬಿಡು ಕಣೇ," ಎಂದರು. "ತಪ್ಪಿಲ್ಲ. ಇಷ್ಟು ವರ್ಷ ಯಾರೋ ಹೆಂಗಸಿನ ಮುಂದೆ ಸಿಗರೇಟು ಹಚ್ಚಿಟ್ಟಿದ್ದೀವಿ. ನಾನೇ ಬೇರೆಯವಳಾಗಿದ್ರೆ ನಗ್ತಿದ್ದೆ."

ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನನ್ನ ಕಿವಿ ಬಿಸಿಯಾಯಿತು. ಕಣ್ಣಿಡಲು ಬೇರೆ ಜಾಗ ಸಿಗದೆ ಎಡೆಗಿಟ್ಟ ಕೋಳಿಯನ್ನು ನೋಡುತ್ತ ನಿಂತೆ. ಅಪ್ಪ ಬೋರ್ಡಿನ ಕೆಳಗೆ ನಿಂತಾಗ ನಕ್ಕವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ಅತ್ತೆಗೆ ನಿಜವಾದ ಸಂಗತಿ ತಟ್ಟಿತು. ಮರಳಿನ ಮೇಲೆ ಕೈಯೂರಿ ಕೂತುಬಿಟ್ಟರು. "ಅಯ್ಯೋ, ಇವರನ್ನ ಇಲ್ಲಿ ಬಿಟ್ಟಿದ್ದೀನಲ್ಲೇ," ಎಂದರು. "ಅಪ್ಪನ ಹತ್ರ ಬಿಡು ಅಂದ್ರು. ಯಾರ ಹತ್ರ ಬಿಟ್ಟೆ ನಾನು?"

"ತಾತನ ಜಾಗ ಹುಡುಕಿದ್ರೆ ಆಯ್ತು," ಎಂದರು ನನ್ನ ಗಂಡ ತಮಿಳಿನಲ್ಲಿ. "ಗಡಿಗೆ ತೆಗೆದು ಅಲ್ಲಿ ಇಡೋಣ. ಇವತ್ತೇ ಇಡೋಣ."

ಹುಡುಗಿ ಸಾಲು ಸಾಲಾಗಿ ಓದುತ್ತ ಹೋದಳು. ನಿಂತಿರುವ ಕಲ್ಲುಗಳೆಲ್ಲ ಬೇರೆ ಮನೆಯವರವು. ಅವರ ಮಕ್ಕಳು ಮೊಮ್ಮಕ್ಕಳನ್ನು ಅತ್ತೆ ಬಲ್ಲರು. ಉಳಿದದ್ದು ಕಾಂಪೌಂಡ್ ಗೋಡೆಯ ಬದಿಯ ರಾಶಿ. ಮರ ಬಿದ್ದಾಗ ಒಡೆದ ಕಲ್ಲುಗಳನ್ನು ಕಾವಲುಗಾರ ಅಲ್ಲಿ ಪೇರಿಸಿದ್ದ. ಯಾವ ಚೂರು ಯಾವ ಗೋರಿಯದು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಒಂದೊಂದು ಚೂರಿನಲ್ಲಿ ಒಂದೋ ಎರಡೋ ಅಕ್ಷರ.

ಹುಡುಗಿ ಬೆವರು ಒರೆಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದಳು. "ಅಕ್ಕಾ, ತಾತನ ಮನೆತನದ ಹೆಸರಿಗೆ ಯಾವ ಅಕ್ಷರ? ಇಂಗ್ಲಿಷಿನಲ್ಲಿ ಒಂದೇ ಥರ ಬರೆಯೋದು ಚೀನಿಯಲ್ಲಿ ಬೇರೆ ಬೇರೆ ಇರುತ್ತೆ. ಬರೆದು ತೋರಿಸಿದರೆ ಆ ಚೂರನ್ನಾದರೂ ಹುಡುಕ್ತೀನಿ." ತಮಿಳಿನಲ್ಲಿ, ಬಹಳ ಮೆತ್ತಗೆ ಕೇಳಿದಳು.

ನಾನು ಗಂಡನನ್ನು ನೋಡಿದೆ. ಅವರು ಅತ್ತೆಯನ್ನು ನೋಡಿದರು. ತಾತನ ಅಂಗಡಿಯ ಹಳೆಯ ಬೋರ್ಡಿನಲ್ಲಿ ಆ ಅಕ್ಷರ ಇತ್ತು, ಆ ಬೋರ್ಡು ಗುಜರಿಗೆ ಹೋಯಿತು. ಕೆನಡಾದಲ್ಲಿರುವ ಮಾವನವರ ಅಣ್ಣನ ಮಕ್ಕಳಿಗೆ ಸ್ಮಶಾನದಿಂದಲೇ ಫೋನ್ ಮಾಡಿದೆವು. ಅವರಿಗೂ ಗೊತ್ತಿಲ್ಲ. ಆ ಹೆಸರನ್ನು ನನ್ನ ಮಗಳ ಶಾಲೆಯ ಪುಸ್ತಕದ ಮೇಲೂ ಇಂಗ್ಲಿಷಿನಲ್ಲಿ ಬರೆದಿದೆ. ನನ್ನ ಹೆಸರಿನ ಹಿಂದೆಯೂ ಇದೆ. ಇಷ್ಟು ವರ್ಷ ಅದರಲ್ಲೇ ಸಹಿ ಹಾಕಿದ್ದೇನೆ. ಅದರ ಅಕ್ಷರ ಹೇಗಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಚೂರು ಸಿಕ್ಕಿದ್ದರೂ ಅದರ ಗೋರಿ ಎಲ್ಲಿ ಎಂದು ಅದು ಹೇಳುತ್ತಿರಲಿಲ್ಲ ಎಂದು ನನ್ನ ಗಂಡ ಅಂದರು. ಸಮಾಧಾನಕ್ಕೆ ಅಂದದ್ದು. ಅದೇ ಕೊನೆಯ ಮಾತೂ ಆಯಿತು. ಗಡಿಗೆ ತೆಗೆದರೆ ಇಡಲು ಜಾಗವಿಲ್ಲ.

ಅತ್ತೆ ಎದ್ದು ಬಂದರು. ಆ ಅಜ್ಜಿಯ ಕಲ್ಲಿನ ಮುಂದೆ ಮೊಣಕಾಲೂರಿದರು. ನಮ್ಮಲ್ಲಿ ಸತ್ತವರನ್ನು ಏನಾದರೂ ಕೇಳಬೇಕಿದ್ದರೆ ಎರಡು ನಾಣ್ಯ ಎಸೆಯುತ್ತಾರೆ. ಒಂದು ಮೇಲ್ಮುಖ, ಒಂದು ಕೆಳಮುಖ ಬಿದ್ದರೆ ಒಪ್ಪಿದರೆಂದು. ಎರಡೂ ಒಂದೇ ಮುಖವಾದರೆ ಇಲ್ಲ. ಹುಡುಗಿ, "ಆಂಟಿ, ನಾನು ಚೀನಿಯಲ್ಲಿ ಹೇಳ್ಲಾ?" ಎಂದಳು. ಅವಳಿಗೆ ಸಹಾಯ ಮಾಡುವ ಆಸೆ. ಅತ್ತೆಯ ಮುಖ ಕೆಂಪಾಯಿತು.

"ಬೇಡಮ್ಮಾ. ನನ್ನ ತಪ್ಪು, ನಾನೇ ಹೇಳ್ಕೋಬೇಕು," ಎಂದರು. ಕನ್ನಡದಲ್ಲೇ ಶುರು ಮಾಡಿದರು. ಬೇರೆ ಯಾವ ಭಾಷೆಯಲ್ಲೂ ಅವರಿಗೆ ಬೇಡಿಕೊಂಡು ಅಭ್ಯಾಸವಿಲ್ಲ.

"ಅಮ್ಮಾ, ನೀವ್ಯಾರೋ ನಂಗೊತ್ತಿರ್ಲಿಲ್ಲ. ಕೇಳ್ದೆ ಮಾಡ್ದೆ ಬಂದು ನಿಮ್ಮ ಕಾಲ ಹತ್ರ ಇವರನ್ನ ಮಲಗಿಸ್ಬಿಟ್ವಿ. ಪರ ಗಂಡಸು. ನಿಮಗೆ ಎಷ್ಟು ಮುಜುಗರ ಆಗಿತ್ತೋ. ಒಳ್ಳೇ ಮನುಷ್ಯ ಕಣಮ್ಮಾ, ಯಾರನ್ನೂ ಒಂದು ಮಾತು ಅಂದವರಲ್ಲ. ಗೊರಕೆ ಒಂದು ಜಾಸ್ತಿ. ಇರ್ಲಿ ಅಂದ್ರೆ ಇರ್ಲಿ. ಬೇಡ ಅಂದ್ರೆ ಎಲ್ಲಿಗೆ ಕರ್ಕೊಂಡ್ ಹೋಗ್ಲಿ, ನೀವೇ ಹೇಳಿ."

ನಾಣ್ಯ ಎಸೆದರು. ಎರಡೂ ಒಂದೇ ಮುಖ.

"ಬಿಡಮ್ಮಾ, ಸಾಕು," ಎಂದರು ನನ್ನ ಗಂಡ.

"ನೀನು ಸುಮ್ನಿರು. ಅವರಿಗೆ ಕೋಪ ಇರಲ್ವಾ?" ಅತ್ತೆ ಸಿಗರೇಟಿನ ತುಂಡನ್ನು ಕಿತ್ತು ದೂರ ಎಸೆದರು. ಬ್ರಾಂದಿ ಚೆಲ್ಲಿ ಲೋಟವನ್ನು ಚೀಲಕ್ಕೆ ಹಾಕಿದರು. ಕಲ್ಲಿನ ಬುಡದಲ್ಲಿ ಬಿದ್ದಿದ್ದ ಸಿಗರೇಟಿನ ಬೂದಿಯನ್ನು ತಮ್ಮ ಕರ್ಚೀಫಿನಿಂದ ಒರೆಸಿದರು. ನನ್ನ ಫ್ಲಾಸ್ಕಿನಿಂದ ಒಂದು ಲೋಟ ಕಾಫಿ ಬಗ್ಗಿಸಿ ಎರಡು ಕೈಯಲ್ಲೂ ಹಿಡಿದು ಇಟ್ಟರು, ಮನೆಗೆ ಬಂದ ಹಿರಿಯರಿಗೆ ಕೊಡುವಂತೆ. ಆಮೇಲೆ ಇನ್ನೊಮ್ಮೆ ನಾಣ್ಯ ಎಸೆದರು.

ಒಂದು ಮೇಲೆ, ಒಂದು ಕೆಳಗೆ.

ನನ್ನ ಗಂಡ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಎಬ್ಬಿಸಲು ಕೈ ಚಾಚಿದರು. ಅತ್ತೆ ಆ ಕೈ ಹಿಡಿಯಲಿಲ್ಲ, ತಲೆಯೂ ಎತ್ತಲಿಲ್ಲ.

"ಇನ್ನೊಂಚೂರು ಕೂತಿರ್ತೀನಿ," ಎಂದರು. "ಒಪ್ಪಿದ ತಕ್ಷಣ ಎದ್ದು ಹೋದ್ರೆ ಆಯಮ್ಮ ಏನಂದ್ಕೋತಾರೆ. ನೀವು ಹೋಗಿ, ಆ ಕಡೆ ಮುಖ ಮಾಡ್ಕೊಂಡ್ ನಿಂತ್ಕೊಳಿ."

ನಾವು ಹಾಗೇ ನಿಂತೆವು, ಮೂವರೂ, ಬಿಸಿಲಿನಲ್ಲಿ, ಅವರಿಗೆ ಬೆನ್ನು ಮಾಡಿ.