ಹಳೆ ಅರಿವಿಯ ಗಂಟು

ಮಳಿ ಸೀಮಿಗೆ ಹೋಗೋರು ಅರಿವಿ ಹೆಂಗ ಕಟ್ಟಬೇಕು ಅಂತ ಯಾರರೆ ಕೇಳಿದ್ರ ಈಗ ನಾ ಹೇಳತೀನಿ: ತೆಳ್ಳಂದು ಒಯ್ರಿ, ಹಳೇದು ಒಯ್ರಿ, ಭಾಳ ಒಯ್ರಿ. ದೊಡ್ಡ ತಿಳಿದಾಕಿ ಹಂಗ ಹೇಳತೀನಿ. ಈ ಶಾಣ್ಯಾತನ ನಾ ಕಲಿಯೂದಕ್ಕ ನಮ್ಮತ್ತಿ ಏನು ಕಳಕೊಂಡ್ರು ಅನ್ನೂದು ಮಾತ್ರ ಯಾರ ಮುಂದೂ ಹೇಳಿಲ್ಲ.

ಭಾಷಾವಾರು ಪ್ರಾಂತ ಆಗೂಕಿಂತ ಒಂದೆರಡು ವರ್ಷ ಮೊದಲಿನ ಮಾತು. ನಾ ಸೊಲ್ಲಾಪುರದ ಗಿರಣಿ ಚಾಳಿನ್ಯಾಗ ಬೆಳೆದಾಕಿ. ಮೈಂದರ್ಗಿಯ ಒಕ್ಕಲುತನದ ಮನಿಗೆ ಕೊಟ್ಟಿದ್ರು. ಶಹರದಾಕಿ ಅನ್ನೂ ಧಿಮಾಕು ಮೂಗಿನ ತುದಿಮ್ಯಾಲ ಇತ್ತು. ಮನಿ ಕಾರಭಾರ ಎಲ್ಲಾ ಅತ್ತಿದು. ಕೀಲಿಕೈ ಗೊಂಚಲ ಅವರ ಸೊಂಟದಾಗ. ಕಾಳಿನ ಖೋಲಿಯಿಂದ ಹಿಡದು ಉಪ್ಪಿನಕಾಯಿ ಭರಣಿ ತನಕ ಯಾವುದು ಎಲ್ಲೈತಿ ಅಂತ ಕಣ್ಣು ಮುಚ್ಚಿ ಹೇಳತಿದ್ರು. ಖರೇ ಹೇಳತೀನಿ, ಆ ಗೊಂಚಲದ ಮ್ಯಾಲ ನನ್ನ ಕಣ್ಣಿತ್ತು.

ನಾದಿನಿನ ಘಟ್ಟದ ಕೆಳಗ, ಕೊಂಕಣದ ರತ್ನಾಗಿರಿಗೆ ಕೊಟ್ಟಿತ್ತು. ಚೊಚ್ಚಲ ಬಾಣಂತನ, ತವರಿಗೇ ಬರಬೇಕು. ಆದ್ರ ಘಾಟಿನ ಬಸ್ಸಿನ್ಯಾಗ ಕುಲುಕಾಡಿಸಬ್ಯಾಡ್ರಿ ಅಂತ ಅಲ್ಲಿ ಡಾಕ್ಟರು ಕಡ್ಡಿ ಮುರದು ಹೇಳಿದ್ರು. ಹಂಗಂತ ಅತ್ತಿನ ಹೋಗೂದು, ನನ್ನ ಗಂಡ ಬಿಟ್ಟು ಬರೂದು ಅಂತ ಠರಾವಾತು. ಆಷಾಢ ಹತ್ತಿತ್ತು.

ಅತ್ತಿ ನಾಕು ತಿಂಗಳಿಂದ ಹಳೆ ಸೀರಿ, ಹಳೆ ಧೋತರ ಕೂಡಿಸಿ, ಬಿಸಿನೀರಾಗ ಕುದಿಸಿ, ಒಣಗಿಸಿ, ಮೊಳದುದ್ದ ಹರದು ಗಂಟು ಕಟ್ಟಿಟ್ಟಿದ್ರು. ಕೂಸಿನ ಮೈಗೆ ಮೊದಲ ಹೊಸಾ ಅರಿವಿ ತಾಗಸಬಾರದು, ಹಿರ್ಯಾರು ಉಟ್ಟು ಮೆತ್ತಗಾಗಿದ್ದನ್ನ ಸುತ್ತಬೇಕು, ಇದು ನಮ್ಮ ಕಡೆ ಪದ್ಧತಿ. ಟ್ರಂಕಿನ ತಳದಾಗ ಆ ಗಂಟು ಇಟ್ಟು, ಅದರ ಮ್ಯಾಲ ತಮ್ಮ ಎರಡು ಸೀರಿ, ಕೂಸಿನ ತಲಿಗೆ ಕಟ್ಟೂ ಒಂದು ಕುಂಚಗಿ ಇಟ್ಟು ಅಂದ್ರು, "ತಂಗಿ, ನಾ ಜಳಕಾ ಮಾಡಿ ಬರತೀನಿ. ಮುಚ್ಚಿ ಕೀಲಿ ಹಾಕು."

ನಾ ಗಂಟು ನೋಡಿದೆ. ಬಣ್ಣ ಹೋದ ಚಿಂದಿ. ಬೀಗರ ಮನ್ಯಾಗ ಟ್ರಂಕು ತಗದಾಗ ಇವ ಹೊರಗ ಬೀಳತಾವ, ಸೊಲ್ಲಾಪುರದಂಥ ಮಗ್ಗದ ಊರಿನ ಮಗ್ಗಲದಾಗ ಇದ್ದೋರು ಚಿಂದಿ ಹೊತ್ತು ಬಂದಾರ ಅಂತಾರ ಅನ್ನಿಸಿತು. ಗಂಟು ತಗದೆ. ನನ್ನ ಮದವಿಯಾಗ ತವರಿಂದ ಬಂದು ಮನಿ ಅರಿವಿ ಜೋಡಿ ಇಟ್ಟಿದ್ದ ಎರಡು ಹೊಸಾ ಚಾದರ, ದಪ್ಪನ್ನವು, ಅಲ್ಲಿ ಇಟ್ಟೆ. ಅತ್ತಿ ಇಟ್ಟಿದ್ದ ಮೆತ್ತನ್ನ ಸೀರಿ ತಗದು ಗಂಜಿ ಹಾಕಿ ಮಡಚಿದ್ದ ಅವರದ ಹೊಸಾ ಸೀರಿ ಇಟ್ಟೆ. ನಮ್ಮಲ್ಲಿ ಆಷಾಢದಾಗೂ ಅರಿವಿ ಒಗದು ಬೇಲಿಗೆ ಹಾಕಿದ್ರ ರೊಟ್ಟಿ ತಿಂದು ಏಳೂದ್ರಾಗ ಒಣಗಿರತಾವ. ಒಣಗದ ಅರಿವಿ ಅನ್ನೂದು ನಾ ಹುಟ್ಟಿದಾಗಿಂದ ಕಂಡಿದ್ದಿಲ್ಲ. ಒಂದು ಒಗದಾಗ ಒಂದು, ಎರಡು ಸಾಕು ಅಂತ ನನ್ನ ಬುದ್ಧಿ ಅಷ್ಟ ಓಡಿತು. ಗಂಟನ್ನ ಅಟ್ಟದ ಮ್ಯಾಲ ಕೌದಿ ಹಿಂದ ತಳ್ಳಿ, ಕೀಲಿ ಹಾಕಿ, ಕೀಲಿಕೈ ಅತ್ತಿ ಕೈಯಾಗ ಕೊಟ್ಟೆ.

ಎರಡು ತಿಂಗಳಾದ ಮ್ಯಾಲ ಅತ್ತಿ ಬಂದ್ರು. ಉಟ್ಟ ಸೀರಿ ಹೊಗಿ ನಾರತಿತ್ತು. ಪಡಸಾಲ್ಯಾಗ ಕುಂತು ನೀರು ಕುಡದು ಸಾವಕಾಶ ಹೇಳಿದ್ರು. ಹೆಣ್ಣು ಕೂಸು, ತಾಯಿ ಮಗಳು ಆರಾಮ. ಆದ್ರ ಆ ಊರಾಗ ಎಂಟೆಂಟು ದಿನ ಮಳಿ ಬಿಡೂದ ಇಲ್ಲಂತ. ಒಗದ ಚಾದರ ಒಲಿ ಮ್ಯಾಲ ಕಟ್ಟಿದ್ರೂ ನಾಕು ದಿನ ಹಸೀನ. ಗಂಜಿ ಸೀರಿಗೆ ಬೂಸ್ರು ಬಂದು ಅಂಟಂಟ ಆಗಿತ್ತಂತ. ಕೂಸು ತಾಸಿಗೊಮ್ಮೆ ತೋಯಿಸತಿತ್ತು, ಸುತ್ತಾಕ ಒಣಾ ಅರಿವಿ ಒಂದೂ ಇರಲಿಲ್ಲ.

"ಬೀಗತಿ ಕೇಳಿಬಿಟ್ಟಳು ನೋಡು," ಅಂದ್ರು ಅತ್ತಿ. "ಚೊಚ್ಚಲ ಬಾಣಂತನಕ್ಕ ಬಂದೀರಿ, ನಿಮ್ಮ ಮನ್ಯಾಗ ಹಳೆ ಅರಿವಿ ಸುದ್ದಾ ಇಲ್ಲೇನ್ರಿ ಅಂತ. ಏನು ಹೇಳಲಿ? ಉಟಗೊಂಡು ಹೋಗಿದ್ದ ಸೀರಿ ಒಂದ ಮೆತ್ತಗಿತ್ತು. ಅದನ್ನ ಹರದು ಸುತ್ತಿದೆ. ಬೀಗತಿ ಸೀರಿ ಇಸಗೊಂಡು ಉಟ್ಟೆ."

ಈಗ ಹೇಳತೀನಿ, ಈಗ ಹೇಳತೀನಿ ಅಂತ ನಿಂತಿದ್ದೆ. ಅಷ್ಟರಾಗ ಅತ್ತಿ ಕೌದಿ ತಗೊಳ್ಳಾಕ ಅಟ್ಟಕ್ಕ ಕೈ ಹಾಕಿದ್ರು. ಗಂಟು ಸಿಕ್ಕಿತು. ಅದನ್ನ ತೊಡಿಮ್ಯಾಲ ಇಟಗೊಂಡು ಬಿಚ್ಚಿ ಒಂದೊಂದ ಅರಿವಿ ಎಣಿಸಿದ್ರು.

"ಟ್ರಂಕಿನ್ಯಾಗ ಇಟ್ಟೀನಿ ಅಂದಕೊಂಡಿದ್ದೆ," ಅಂದ್ರು. "ಕೈಯಾರೆ ಇಟ್ಟ ನೆನಪೈತಿ. ಆ ಚಾದರ, ಆ ಗಂಜಿ ಸೀರಿ ಯಾವಾಗ ಇಟ್ಟೆನೋ ಅದೂ ನೆನಪಿಲ್ಲ. ನನ್ನ ತಲಿಗೆ ಏನಾಗೇತಿ ತಂಗಿ?"

ಹೇಳಾಕ ಅದಕ್ಕಿಂತ ಒಳ್ಳೆ ವ್ಯಾಳೆ ನನಗ ಮತ್ತ ಸಿಗಲಿಲ್ಲ. ನಾ ಏನಂದೆ ಗೊತ್ತೇನು? "ಇರಲಿ ಬಿಡ್ರಿ ಅತ್ಯಾರ, ವಯಸ್ಸಾದ ಮ್ಯಾಲ ಆಗತೈತಿ" ಅಂದೆ. ಅವರಿಗೆ ಐವತ್ತೂ ತುಂಬಿರಲಿಲ್ಲ. ಆ ಮಾತು ಆಡಿದ ನಾಲಿಗಿ ಇವತ್ತಿಗೂ ನನ್ನ ಬಾಯಾಗ ಐತಿ, ಅದಕ್ಕ ಏನೂ ಆಗಿಲ್ಲ.

ಮರುದಿನ ಮುಂಜಾನೆ ಅತ್ತಿ ಕೀಲಿಕೈ ಗೊಂಚಲ ಬಿಚ್ಚಿ ನನ್ನ ಸೊಂಟಕ್ಕ ಸಿಗಿಸಿದ್ರು. ಬ್ಯಾಡ ಅನ್ನಲಿಲ್ಲ ನಾ. ಅವತ್ತಿಂದ ಅಷ್ಟು ದೊಡ್ಡ ಕಾರಭಾರ ಮಾಡಿದಾಕಿ, ಸಾರಿಗೆ ಉಪ್ಪು ಹಾಕಿದ ಮ್ಯಾಲ ನನ್ನ ಕರದು ಕೇಳತಿದ್ರು, "ಹಾಕೀನೇನ?" ಅಕ್ಕಲಕೋಟದ ಸಂತಿಗೆ ಹೋಗೂದೂ ಬಿಟ್ರು. ಅವರ ತಲಿಗೆ ಏನೂ ಆಗಿರಲಿಲ್ಲ. ಅದು ಗೊತ್ತಿದ್ದಾಕಿ ನಾ ಒಬ್ಬಾಕಿನ.

ಮೂರು ವರ್ಷಕ್ಕ ನಾದಿನಿ ಮತ್ತ ಬಸರಿ. ಮತ್ತ ಮಳಿಗಾಲ. ಅತ್ತಿ ಹೋಗಾಕ ಒಲ್ಲೆ ಅಂದ್ರು. ಏನರೆ ಬಿಟ್ಟು ಹೋಗಿ ಮತ್ತ ಮಗಳ ಮರ್ಯಾದಿ ಕಳೀತೀನಿ, ನೀನ ಹೋಗು ಅಂದ್ರು. ನಾ ಟ್ರಂಕು ತುಂಬಿದೆ. ಅದ ಗಂಟು, ಅದ ತಳದಾಗ. ಮ್ಯಾಲ ತೆಳ್ಳನ್ನ ಹಳೆ ಸೀರಿ. ಒಂದ ಸಲ ಕೈಯಾಡಿಸಿ ನೋಡ್ರಿ ಅತ್ಯಾರ ಅಂದೆ. ಅವರು ಬಾಗಿಲದಾಗ ನಿಂತಾವರು ಒಳಗ ಬರಲೇ ಇಲ್ಲ.

"ನಾ ಏನು ನೋಡಲಿ ತಂಗಿ," ಅಂದ್ರು. "ನೀ ಇಟ್ಟೀದಿ ಅಂದ್ರ ಇದ್ದ ಇರತೈತಿ."

ನಾ ಕೀಲಿ ಹಾಕಿದೆ.