ಬೆಂಚಿನಡಿಯ ಕಾಲು

ಇವತ್ತು ಮಧ್ಯಾಹ್ನ ಕಾಲೇಜು ಹಾಸ್ಟೆಲಿನ ಮೆಸ್ಸಿನಲ್ಲಿ ಮಜ್ಜಿಗೆಯ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಜಾನಿ ನೆನಪಾದಳು.

ಯಲ್ಲಾಪುರದ ಆಚೆ ನಮ್ಮ ಸರ್ಕಾರಿ ಹೈಸ್ಕೂಲು. ಅನುಕೂಲಸ್ಥರ ಮಕ್ಕಳೆಲ್ಲ ಶಿರಸಿಯ ಇಂಗ್ಲಿಷ್ ಮೀಡಿಯಂ ಸೇರಿದ್ದರು. ಉಳಿದವರು ಲಾರಿ ಡ್ರೈವರುಗಳ ಮಕ್ಕಳು, ಕಾಡಿನಿಂದ ನಡೆದು ಬರುವ ಗೌಳಿಗರ ಮಕ್ಕಳು, ನನ್ನಂಥ ಹಾಸ್ಟೆಲಿನವರು. ಹತ್ತನೇ ಕ್ಲಾಸಿನ ಹೊತ್ತಿಗೆ ಹುಡುಗಿಯರ ಸಾಲಿನಲ್ಲಿ ಇದ್ದವರು ಗೌಳಿಗರ ಜಾನಿ ಮತ್ತು ನಾನು, ಇಬ್ಬರೇ. ಬೆಳಿಗ್ಗೆ ಬೆಣ್ಣೆ ಕಡೆದು ಬರುತ್ತಿದ್ದ ಅವಳ ಕೈಯಲ್ಲಿ ಆ ಹುಳಿ ವಾಸನೆ ಸಂಜೆತನಕ ಇರುತ್ತಿತ್ತು.

ಲೆಕ್ಕ ತಿಳಿಯದಿದ್ದರೆ ಅವಳು ಬೆಂಚಿನಡಿ ನನ್ನ ಕಾಲು ಮೆಟ್ಟುತ್ತಿದ್ದಳು. "ನೀ ಕೇಳೇ. ನಾ ಕೇಳಿದ್ರೆ ಶಾಲೆ ರಿಸಲ್ಟ್ ಕೆಡಿಸೂಕೇ ಬಂದವ್ಳು ಅಂತಾರೆ."

ನಾನು ಏಳುತ್ತಿದ್ದೆ. "ಸರ್, ಇನ್ನೊಂದ್ಸಲ ಹೇಳಿ."

"ಎಂತದೇ, ಫಸ್ಟ್ ಬರೋಳಿಗೂ ತಲೆಗೆ ಹೋಗ್ಲಿಲ್ವಾ?" ಎನ್ನುತ್ತ ಗಣಿತದ ಸರ್ ಬೋರ್ಡು ಒರೆಸಿ ಮತ್ತೆ ಶುರುಮಾಡುತ್ತಿದ್ದರು. ಗೊತ್ತಾದ ಕೂಡಲೇ ಜಾನಿ ಕಾಲು ತೆಗೆಯುತ್ತಿದ್ದಳು.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಪಾಸಾದಳು. ಇಂಗ್ಲಿಷಿನಲ್ಲಿ ಹೋಯಿತು. ಅದು ನನಗೂ ಅಷ್ಟಕ್ಕಷ್ಟೇ, ಅವಳ ಪರವಾಗಿ ಎದ್ದು ಎಷ್ಟೆಂದು ಕೇಳುವುದು? ಅವಳು ಮತ್ತೆ ಪರೀಕ್ಷೆ ಕಟ್ಟಲಿಲ್ಲ.

ಪಿಯುಸಿವರೆಗೂ ಕನ್ನಡದಲ್ಲೇ ಓದಿದ ನಾನೀಗ ಬಿ.ಕಾಂ. ಫಸ್ಟ್ ಇಯರ್. ಪಾಠವೆಲ್ಲ ಇಂಗ್ಲಿಷಿನಲ್ಲಿ. ಎಲ್ಲರೂ ತಲೆಯಾಡಿಸುತ್ತಾರೆ, ನಾನೂ ಆಡಿಸುತ್ತೇನೆ. ಒಳಗೆ ಫೇಲಾಗುವ ಭಯ.

ಊಟದ ಮೇಲಿನ ಕ್ಲಾಸಿನಲ್ಲಿ ಏನೂ ತಿಳಿಯದೆ ಕೂತಿದ್ದಾಗ ನನ್ನ ಕಾಲು ತಾನಾಗಿಯೇ ಪಕ್ಕದವಳ ಕಾಲನ್ನು ಮೆಟ್ಟಿತು. ಅವಳೇ "ಸಾರಿ" ಎಂದು ಹೇಳಿ, ಆಚೆ ಸರಿದು ಕೂತಳು.