ಅಲ್ ಐನ್ ತೋಟದ ರಾಗಿಮುದ್ದೆ

2014ರ ಡಿಸೆಂಬರ್ 12, ಶುಕ್ರವಾರ. ಆಧಾರ: ಮಗಳ ಫೋನಿನಲ್ಲಿ ಉಳಿದಿರುವ ಫೋಟೋಗಳು. ಅಂದು ನನ್ನ ಪತ್ನಿ ಸರಳಾ, ಅಲ್ ಐನ್ ಸಮೀಪದ ಖರ್ಜೂರದ ತೋಟವೊಂದರಲ್ಲಿ, ಕೋಳಿ ಸುಡಲೆಂದು ಹೊತ್ತಿಸಿದ್ದ ಇದ್ದಿಲ ಒಲೆಯನ್ನು ವಶಪಡಿಸಿಕೊಂಡು ರಾಗಿಮುದ್ದೆ ಮಾಡಿದಳು.

ಐದು ವರ್ಷಗಳ ಬಳಿಕ, ಕಳೆದ ಶುಕ್ರವಾರ, ಮತ್ತೆ ಅದೇ ತೋಟಕ್ಕೆ ಹೋಗಿದ್ದೆವು. ದುಬೈ ಸಿಲಿಕಾನ್ ಓಯಸಿಸ್‌ನಿಂದ ಮಗಳ ಕುಟುಂಬ, ತೈಲ ಶುದ್ಧೀಕರಣದ ಊರು ರುವೈಸ್‌ನಿಂದ ಇಬ್ಬರು ಎಂಜಿನಿಯರರ ಸಂಸಾರ. ತೋಟವನ್ನು ದಿನದ ಬಾಡಿಗೆಗೆ ಹಿಡಿದು ಎಲ್ಲರನ್ನೂ ಕರೆಯುವವರು ಭಟ್ಕಳದ ವ್ಯಾಪಾರಿ ಸಲೀಂ. ಸರಳಾ ತೀರಿಕೊಂಡ ಮೇಲೆ ಇದು ನಮ್ಮ ಮೊದಲ ಕೂಟ.

ಅವಳ ಹೆಸರನ್ನು ಯಾರಾದರೂ ಎತ್ತಲಿ ಎಂದು ಬೆಳಗಿನಿಂದ ಕಾದೆ. ನನಗೆ ನೋವಾದೀತೆಂದು ಯಾರೂ ಎತ್ತಲಿಲ್ಲ. (ಇಂಥ ಸೌಜನ್ಯದಷ್ಟು ಕ್ರೂರವಾದದ್ದು ಬೇರೆ ಉಂಟೇ?) ಊಟಕ್ಕೆ ಕುಳಿತಾಗ ನಾನೇ ಆರಂಭಿಸಿದೆ.

"ಸಲೀಂ ಅವರೇ, ನೀವು ಮುದ್ದೆಯನ್ನು ಜಗಿದಿರಿ. ಅವಳು ಗದರಿದಳು."

"ಗದರಿದ್ದಾ? ಸೌಟು ತೋರಿಸಿದ್ರು ಸರ್. ‘ನುಂಗಬೇಕು, ಇದೇನು ಖುಬೂಸ್ ರೊಟ್ಟಿ ಅಂದ್ಕೊಂಡ್ರಾ’ ಅಂತ. ಖಲಾಸ್, ನುಂಗಿಬಿಟ್ಟೆ. ಕಣ್ಣಲ್ಲಿ ನೀರು."

"ನೀರು ಬಂದದ್ದು ಖಾರಕ್ಕೆ ಮಾರ್ರೆ," ಎಂದಳು ಉಡುಪಿ ಕಡೆಯ ನರ್ಸ್ ಲವೀನಾ. "ಆಂಟಿಯ ಸೊಪ್ಪಿನ ಸಾರು ಹಾಗಿತ್ತು. ಇವರು ಮೂರು ಸಲ ಹಾಕಿಸಿಕೊಂಡು ಈಗ ಅಳುವ ಕತೆ ಹೇಳುದು."

ಎಲ್ಲರೂ ನಕ್ಕರು. ನನಗೆ ಜೀವ ಬಂದಂತಾಯಿತು. ಗಾಳಿ ತಿರುಗಿದ್ದು, ಸರಳಾ ಸೆರಗಿನಿಂದ ಕಣ್ಣೊರೆಸಿಕೊಂಡು "ಇಲ್ಲಿ ಹೊಗೆ ಕೂಡ ನನ್ನನ್ನೇ ಹುಡುಕ್ಕೊಂಡು ಬರತ್ತೆ" ಎಂದದ್ದು, ಲವೀನಾ ಕೂಸನ್ನು ಎತ್ತಿಕೊಂಡು ಅತ್ತ ಓಡಿದ್ದು, ಎಲ್ಲವನ್ನೂ ಹೇಳಿದೆ. ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆನೆಂದೂ ಹೇಳಿದೆ. ಒಂದು ವಿವರವನ್ನೂ ಯಾರೂ ತಿದ್ದಲಿಲ್ಲ.

ಆ ಕೂಸು ನನ್ನ ಮೊಮ್ಮಗಳು ಆದ್ಯಾ. ಮಗಳ ಬಾಣಂತನಕ್ಕೆಂದೇ ಸರಳಾ ಆಗ ಇಲ್ಲಿಗೆ ಬಂದಿದ್ದಳು. ಈಗ ಐದು ತುಂಬಿದ ಆದ್ಯಾ ತಾಯಿಯ ಫೋನಿನಲ್ಲಿ ಅಂದಿನ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು.

"ತಾತ, ಅಜ್ಜಿ ಈಸ್ ಹಿಯರ್. ವೇರ್ ಆರ್ ಯೂ?"

ಸಲೀಂ ತಟ್ಟೆ ನೋಡಿಕೊಂಡರು.

"ತೆಗೆದೋರು ತಾತ ಇರ್ಬೇಕು ಪುಟ್ಟಿ. ತೆಗೆಯೋರು ಫೋಟೋದಲ್ಲಿ ಬರಲ್ಲ," ಎಂದಳು ಮಗಳು, ನನ್ನತ್ತ ತಿರುಗದೆ.

"ಅಂಕಲ್, ಸ್ವಲ್ಪ ಅನ್ನ ಹಾಕ್ತೇನೆ," ಎಂದಳು ಲವೀನಾ. ನಾನು ಕೇಳಿರಲಿಲ್ಲ.

ಗಲ್ಫಿನ ಯಾವ ಕುಟುಂಬದ ಫೋಟೋದಲ್ಲಿ ಎಲ್ಲರೂ ಇದ್ದಾರೆ, ಹೇಳಿ? ಒಬ್ಬರಿಗೆ ವೀಸಾ ಬಂದಿರುವುದಿಲ್ಲ, ಇನ್ನೊಬ್ಬರಿಗೆ ರಜೆ ಸಿಕ್ಕಿರುವುದಿಲ್ಲ, ಮತ್ತೊಬ್ಬರಿಗೆ ಊರಿನಲ್ಲಿ ಮುಗಿಸಲೇಬೇಕಾದ ಕೆಲಸ. ಉಳಿದವರಿಗೆ ಕೂಟ ತಲುಪುವುದು ಸಂಜೆಯ ಫೋನಿನಲ್ಲಿ: ಏನು ಬೆಂದಿತು, ಯಾರು ನಕ್ಕರು, ಗಾಳಿ ಎತ್ತ ಬೀಸಿತು. ಸರಳಾ ಅಂಥ ಫೋನುಗಳಲ್ಲಿ ಏನನ್ನೂ ಬಿಡುತ್ತಿರಲಿಲ್ಲ. ಕೇಳುತ್ತ ಕೇಳುತ್ತ ನಾನು ಮೈಸೂರಿನ ಮನೆಯಲ್ಲಿ ಕೆಮ್ಮಿದ್ದೂ ಉಂಟು.

ಮಗಳ ಮನೆಗೆ ಮರಳಿ ನನ್ನ ಹಳೆಯ ಪಾಸ್‌ಪೋರ್ಟ್ ತೆರೆದೆ. ತೆರೆಯದಿದ್ದರೆ ಆ ದಿನ ನನ್ನದಾಗಿಯೇ ಉಳಿಯುತ್ತಿತ್ತು. ದುಬೈ ವಿಮಾನ ನಿಲ್ದಾಣದಲ್ಲಿ ನನಗೆ ಬಿದ್ದ ಮೊತ್ತಮೊದಲ ಮುದ್ರೆ 2015ರ ಜನವರಿಯದು. ಹಾಗಾದರೆ ಆ ಒಲೆಯ ಮುಂದೆ ಅವಳ ಪಕ್ಕದಲ್ಲಿ ಕುಳಿತಿದ್ದವನು ಯಾರು?